ಗಂಧರಾಜದ ಎಲೆ ಹಳದಿ, ಮೊಗ್ಗು ನೆಲಕ್ಕೆ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಏನೂ ಆಗದ ಒಂದು ಗಿಡಕ್ಕೆ ನಾನು ಮೂರು ವರ್ಷ ಔಷಧಿ ಹಾಕಿದ್ದೇನೆ. ನರ್ಸರಿಯಲ್ಲಿ ಗಂಧರಾಜ ಅಂತ ಹೇಳಿ ಕೊಟ್ಟಿದ್ದರು. ಬಿಳಿ ಹೂ, ಸುತ್ತು ಸುತ್ತಾಗಿ ಎಸಳು, ಹೊಳೆಯುವ ಎಲೆ ಎಲ್ಲ ಇತ್ತು. ಪರಿಮಳ ಮಾತ್ರ ರಾತ್ರಿ ಮೂಗು ಹತ್ತಿರ ಒಯ್ದರೆ ಸ್ವಲ್ಪ ಬರುತ್ತಿತ್ತು. ಗಿಡಕ್ಕೆ ಏನೋ ಕಡಿಮೆಯಾಗಿದೆ ಅಂದುಕೊಂಡೆ. ಮಣ್ಣು ಹುಳಿ ಮಾಡಿದೆ, ಕಬ್ಬಿಣ ಹಾಕಿದೆ, ನೆರಳಿಗೆ ಸರಿಸಿದೆ, ಮತ್ತೆ ಬಿಸಿಲಿಗೆ ಸರಿಸಿದೆ. ಒಂದು ದಿನ ಕೊಂಬೆ ಸವರುವಾಗ ಕತ್ತರಿಗೆ ಬಿಳಿ ಹಾಲು ಅಂಟಿತು. ಗಂಧರಾಜದಲ್ಲಿ ಹಾಲು ಬರುವುದಿಲ್ಲ. ಅದು ಸುತ್ತು ನಂದಿಬಟ್ಟಲು!

ಆಮೇಲೆ ನಿಜವಾದ ಗಂಧರಾಜ ತಂದೆ. ಅದಕ್ಕೆ ನಿಜವಾದ ತೊಂದರೆಗಳೇ ಬಂದವು. ಎಲೆ ಹಳದಿಯಾಯಿತು, ಮೊಗ್ಗು ಉದುರಿತು, ಕಾಂಡಕ್ಕೆ ಇರುವೆ ಹತ್ತಿತು. ಈ ಗಿಡದ ಕಷ್ಟ ಏನೆಂದರೆ ಐದಾರು ಕಾಯಿಲೆಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ನೀರು ಕಡಿಮೆಯಾದರೂ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ. ಎಲೆ ಹಳದಿಯಾಗಲು ಕನಿಷ್ಠ ಆರು ಕಾರಣ ಇವೆ, ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಕೇಡು. ಹಾಗಾಗಿ ಈ ಬರಹದಲ್ಲಿ ಮದ್ದಿಗಿಂತ ನೋಡುವ ಕೆಲಸವೇ ಜಾಸ್ತಿ ಇದೆ.

ಮೊದಲು, ಇದು ಗಂಧರಾಜವೇ?

ಹೆಸರಿನ ಗೊಂದಲ ಸಣ್ಣದಲ್ಲ. ಸುಗಂಧರಾಜ ಬೇರೆ, ಅದು ಗೆಡ್ಡೆಯಿಂದ ಉದ್ದ ಕಡ್ಡಿ ಎದ್ದು ಹೂ ಬಿಡುವ ಗಿಡ. ನಾವು ಇಲ್ಲಿ ಮಾತಾಡುತ್ತಿರುವುದು ಪೊದೆಯಾಗಿ ಬೆಳೆಯುವ, ವರ್ಷವಿಡೀ ಹಸಿರಾಗಿರುವ ಗಾರ್ಡೇನಿಯಾ ಜಾಸ್ಮಿನಾಯ್ಡಿಸ್ ಬಗ್ಗೆ. ಈ ಹೆಸರಿನಲ್ಲೂ ಎರಡು ಮೋಸ ಇವೆ. ‘ಜಾಸ್ಮಿನಾಯ್ಡಿಸ್’ ಅಂದರೆ ಮಲ್ಲಿಗೆಯಂಥದ್ದು ಅಂತ, ಆದರೆ ಗಿಡ ಮಲ್ಲಿಗೆ ಕುಟುಂಬದ್ದಲ್ಲ, ಕಾಫಿ ಕುಟುಂಬದ್ದು. ‘ಗಾರ್ಡೇನಿಯಾ’ ಅನ್ನುವುದಕ್ಕೂ ತೋಟ ಅನ್ನುವ ಇಂಗ್ಲಿಷ್ ಪದಕ್ಕೂ ಸಂಬಂಧ ಇಲ್ಲ. ಅಲೆಕ್ಸಾಂಡರ್ ಗಾರ್ಡನ್ ಅನ್ನುವ ವೈದ್ಯರ ಹೆಸರನ್ನು ನಿಸರ್ಗತಜ್ಞ ಜಾನ್ ಎಲ್ಲಿಸ್ 1761ರಲ್ಲಿ ಈ ಗಿಡಕ್ಕೆ ಇಟ್ಟರು. ಇನ್ನೊಂದು ಹೆಸರು ಕೇಪ್ ಜಾಸ್ಮಿನ್. ಗಿಡದ ಮೂಲ ಚೀನಾ, ಜಪಾನ್ ಕಡೆ, ಆಫ್ರಿಕಾದ ಕೇಪ್ ಪ್ರದೇಶ ಅಲ್ಲವೇ ಅಲ್ಲ. ಇಷ್ಟು ತಪ್ಪು ಹೆಸರು ಹೊತ್ತ ಗಿಡವನ್ನು ನರ್ಸರಿಯವರು ಅದಲು ಬದಲು ಮಾಡಿದರೆ ಆಶ್ಚರ್ಯ ಇಲ್ಲ.

ಗುರುತಿಸಲು ಹೂ ಬರುವವರೆಗೆ ಕಾಯಬೇಕಾಗಿಲ್ಲ. ಒಂದು ಎಲೆ ಕಿತ್ತು ತೊಟ್ಟಿನ ತುದಿ ನೋಡಿ. ಹಾಲು ಜಿನುಗಿದರೆ ಅದು ನಂದಿಬಟ್ಟಲು, ಮುಂದೆ ಓದಬೇಕಾದ ಅಗತ್ಯವೇ ಇಲ್ಲ. ಕೈ ತೊಳೆದುಕೊಳ್ಳಿ, ಹಾಲು ಕಣ್ಣಿಗೆ ತಾಕಬಾರದು. ಹಾಲು ಬರದಿದ್ದರೆ ಎಲೆಯನ್ನು ಹಿಸುಕಿ ಮೂಸಿ. ನಿಂಬೆ ಎಲೆಯಂಥ ಘಾಟು ಬಂದು, ಒಂದೇ ಕಡ್ಡಿಗೆ ಐದಾರು ಚಿಕ್ಕ ಎಲೆ ಸಾಲಾಗಿ ಇದ್ದರೆ ಅದು ಕಾಮಿನಿ, ಕಾಡು ಕರಿಬೇವು ಅಂತಲೂ ಕರೆಯುತ್ತಾರೆ. ಅದೂ ಬಿಳಿ ಹೂವಿನ, ಘಮಘಮಿಸುವ, ನಿತ್ಯಹಸಿರು ಪೊದೆಯೇ. ಆದರೆ ಅದರ ಆರೈಕೆ ಬೇರೆ.

ಮೂರನೆಯದು ನನಗೆ ತುಂಬ ಇಷ್ಟವಾದ ಗುರುತು. ಎಲೆಗಳು ಜೋಡಿಯಾಗಿ ಅಥವಾ ಮೂರು ಮೂರಾಗಿ ಕಾಂಡಕ್ಕೆ ಕೂಡುವ ಗೆಣ್ಣನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಎರಡು ತೊಟ್ಟುಗಳ ನಡುವೆ, ಕಾಂಡವನ್ನು ತಬ್ಬಿಕೊಂಡ ಹಾಗೆ, ತೆಳ್ಳಗಿನ ಪೊರೆ ಕಾಣಬೇಕು. ಎಳೆ ತುದಿಯಲ್ಲಿ ಅದು ಹಸಿರು, ಹಳೆಯದರಲ್ಲಿ ಒಣಗಿ ಕಂದು. ಕಾಫಿ ಗಿಡ ನೋಡಿದವರಿಗೆ ಇದು ಪರಿಚಿತ, ಇಡೀ ಕುಟುಂಬದಲ್ಲಿ ಇದು ಇದೆ. ನಂದಿಬಟ್ಟಲಿನಲ್ಲಿ ಈ ಥರ ಎದ್ದು ಕಾಣುವುದಿಲ್ಲ.

ಹೂ ಇದ್ದರೆ ಕೆಲಸ ಇನ್ನೂ ಸುಲಭ. ಗಂಧರಾಜದ ಹೂ ಸಾಮಾನ್ಯವಾಗಿ ಕೊಂಬೆಯ ತುದಿಯಲ್ಲಿ ಒಂಟಿಯಾಗಿ ಕೂರುತ್ತದೆ. ಮೊಗ್ಗಿನ ಬುಡದಲ್ಲಿ ಉದ್ದ, ಕಿರಿದಾದ ಹಸಿರು ಪುಷ್ಪಪತ್ರಗಳು ಬೆರಳಿನಂತೆ ಮೇಲೆದ್ದಿರುತ್ತವೆ, ಅವುಗಳ ಕೆಳಗೆ ಉಬ್ಬಿದ ಗೀರುಗಳು. ಎಸಳು ಮೇಣದಂತೆ ದಪ್ಪ. ನಂದಿಬಟ್ಟಲಿನ ಹೂ ಸಣ್ಣ ಗೊಂಚಲಿನಲ್ಲಿ, ಎಸಳು ತೆಳು, ಪುಷ್ಪಪತ್ರ ಕಂಡೂ ಕಾಣದಷ್ಟು ಚಿಕ್ಕದು. ಗಂಧರಾಜದ ಹೂ ಎರಡು ಮೂರು ದಿನದಲ್ಲಿ ಬಿಳಿಯಿಂದ ಕೆನೆ ಬಣ್ಣಕ್ಕೆ, ಆಮೇಲೆ ಹಳದಿಗೆ ತಿರುಗುತ್ತದೆ. ಇದನ್ನು ರೋಗ ಅಂದುಕೊಂಡು ಕೇಳುವವರು ತುಂಬ ಜನ. ಅದು ವಯಸ್ಸು ಅಷ್ಟೇ. ಎಸಳನ್ನು ಬೆರಳಿಂದ ಮುಟ್ಟಿದ ಜಾಗ ಕಂದಾಗುವುದೂ ಮಾಮೂಲಿ.

ಮದ್ದಿಗೆ ಮುಂಚೆ

ಇನ್ನು ಮುಂದಿನದೆಲ್ಲ ನಿಜವಾದ ಗಂಧರಾಜಕ್ಕೆ. ಕುಂಡದ ಮಣ್ಣಿಗೆ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ, ಒದ್ದೆಯಾ ಒಣಗಿದೆಯಾ ನೋಡಿ. ಕುಂಡ ಎತ್ತಿ ತೂಕ ನೋಡಿ. ಅಡಿಯ ತೂತು ಕಟ್ಟಿಕೊಂಡಿದೆಯಾ ನೋಡಿ. ಎಲೆಯ ಹಿಂಬದಿ ನೋಡಿ. ಕಳೆದ ಮೂರು ವಾರದಲ್ಲಿ ಏನು ಬದಲಾಯಿತು ಅಂತ ನೆನಪು ಮಾಡಿಕೊಳ್ಳಿ. ಜಾಗ ಬದಲಾಯಿತಾ, ಕುಂಡ ಬದಲಾಯಿತಾ, ಗೊಬ್ಬರ ಹಾಕಿದ್ರಾ, ಹವಾಮಾನ ಒಮ್ಮೆಲೇ ತಿರುಗಿತಾ?

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕಬ್ಬಿಣ, ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್), ಹೊಸ ಮಣ್ಣು ಮೂರನ್ನೂ ಒಂದೇ ಭಾನುವಾರ ಮಾಡಿದರೆ ಗಿಡ ಸುಧಾರಿಸಿದರೂ ಯಾಕೆ ಅಂತ ಗೊತ್ತಾಗುವುದಿಲ್ಲ, ಸತ್ತರೂ ಗೊತ್ತಾಗುವುದಿಲ್ಲ.

ಎಲೆ ಹಳದಿಯಾಗಿದೆ

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಹಳದಿ’ ಅಲ್ಲ, ‘ಯಾವ ಎಲೆ ಹಳದಿ’. ತುದಿಯ ಚಿಗುರಾ, ಬುಡದ ಹಳೆ ಎಲೆಯಾ? ಇದೊಂದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಕಾರಣ ಸರಳ. ಸಾರಜನಕ, ಮೆಗ್ನೀಸಿಯಂ ಇಂಥವು ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದಾಗ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಮೊದಲು ಹಳೆ ಎಲೆ ಹಳದಿಯಾಗುತ್ತದೆ. ಕಬ್ಬಿಣ ಹಾಗಲ್ಲ. ಒಂದು ಎಲೆಗೆ ಸೇರಿದ ಕಬ್ಬಿಣ ಅಲ್ಲೇ ಉಳಿಯುತ್ತದೆ. ಹೊಸ ಎಲೆಗೆ ಬೇರಿನಿಂದಲೇ ಬರಬೇಕು, ಬರದಿದ್ದರೆ ಚಿಗುರೇ ಹಳದಿ.

ಚಿಗುರು ಹಳದಿ, ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ ಕಾಣುತ್ತಿದೆ, ಹಳೆ ಎಲೆಗಳು ಚೆನ್ನಾಗಿವೆ. ಇದು ಕಬ್ಬಿಣದ ಕೊರತೆ. ತೀರಾ ಹೆಚ್ಚಾದರೆ ಚಿಗುರು ಬಿಳಿಚಿಕೊಂಡು ಅಂಚು ಕಂದಾಗುತ್ತದೆ. ಆದರೆ ಬಹಳ ಸಲ ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಗಿಡಕ್ಕೆ ಎಟುಕುವುದಿಲ್ಲ ಅಷ್ಟೇ. ಗಂಧರಾಜಕ್ಕೆ ಹುಳಿ ಮಣ್ಣು ಬೇಕು. ರಸಸಾರ, ಅಂದರೆ ಹುಳಿ ಅಳೆಯುವ ಪಿಎಚ್ (ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ), 5ರಿಂದ 6.5ರೊಳಗೆ ಇದ್ದರೆ ಸುಖವಾಗಿರುತ್ತದೆ. 7 ದಾಟಿದರೆ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ಮಣ್ಣಿನಲ್ಲೇ ಕೂತುಬಿಡುತ್ತದೆ.

ನಿಜವಾಗಿ ಕಬ್ಬಿಣದ್ದೇ ಸಮಸ್ಯೆಯಾ ಅಂತ ಖಚಿತ ಮಾಡಿಕೊಳ್ಳಲು ಒಂದು ಅಗ್ಗದ ಪರೀಕ್ಷೆ ಇದೆ. ಒಂದು ಲೀಟರ್ ನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ. ಒಂದೆರಡು ಹನಿ ಸೋಪು ನೀರು ಸೇರಿಸಿ, ಇಲ್ಲದಿದ್ದರೆ ಮೇಣದ ಎಲೆಯ ಮೇಲೆ ಹನಿ ನಿಲ್ಲದೆ ಜಾರುತ್ತದೆ. ಸಂಜೆ ಹೊತ್ತು, ಒಂದೇ ಒಂದು ಹಳದಿ ಎಲೆಯ ಅರ್ಧ ಭಾಗಕ್ಕೆ ಹತ್ತಿಯಿಂದ ಹಚ್ಚಿ. ಆ ಕೊಂಬೆಗೆ ದಾರ ಕಟ್ಟಿ ಗುರುತಿಡಿ. ವಾರ ಹತ್ತು ದಿನ ಬಿಟ್ಟು ನೋಡಿ. ಹಚ್ಚಿದ ಅರ್ಧದಲ್ಲಿ ಹಸಿರು ಚುಕ್ಕೆ, ಪಟ್ಟೆ ಮೂಡಿದ್ದರೆ ಕಬ್ಬಿಣವೇ ಸರಿ. ಏನೂ ಬದಲಾಗದಿದ್ದರೆ ಬೇರೆ ಕಡೆ ಹುಡುಕಿ. ನನ್ನ ಗಿಡದಲ್ಲಿ ಎಂಟನೇ ದಿನಕ್ಕೆ ಎಲೆಯ ಒಂದು ಬದಿ ಮಾತ್ರ ಯಾರೋ ಬಣ್ಣ ಬಳಿದ ಹಾಗೆ ಹಸಿರಾಗಿತ್ತು. ನಡುನರದ ಆಚೆ ಹಳದಿ, ಈಚೆ ಹಸಿರು. ಅವತ್ತಿನಿಂದ ಊಹೆಯ ಮೇಲೆ ಕಬ್ಬಿಣ ಹಾಕುವುದು ಬಿಟ್ಟೆ.

ಕಬ್ಬಿಣ ಅಂತ ಗೊತ್ತಾದ ಮೇಲೆ ಮುಂದಿನ ಪ್ರಶ್ನೆ, ರಸಸಾರ ಏಕೆ ಏರಿತು? ಬಹಳ ಸಲ ಅಪರಾಧಿ ನೀರು. ಕುದಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಾ? ಹಾಗಿದ್ದರೆ ನಿಮ್ಮ ನೀರು ಗಡಸು. ಅದರಲ್ಲಿರುವ ಬೈಕಾರ್ಬೊನೇಟ್ ಪ್ರತಿ ಸಲ ನೀರು ಹಾಕುವಾಗಲೂ ಮಣ್ಣಿಗೆ ಚೂರು ಚೂರೇ ಸುಣ್ಣ ಸೇರಿಸಿದ ಹಾಗೆ. ಒಂದು ವರ್ಷದಲ್ಲಿ ಹುಳಿ ಮಣ್ಣು ಹುಳಿ ಕಳೆದುಕೊಳ್ಳುತ್ತದೆ. ನೆಲದಲ್ಲಿ ನೆಟ್ಟಿದ್ದರೆ ಗೋಡೆಯಿಂದ ಎಷ್ಟು ದೂರ ಇದೆ ನೋಡಿ. ಗಾರೆ, ಸಿಮೆಂಟಿನ ಚೂರು ಬಿದ್ದ ಜಾಗ ಈ ಗಿಡಕ್ಕೆ ಆಗಿಬರುವುದಿಲ್ಲ. ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಸುರಿದಾಗ ಬುರುಬುರು ನೊರೆ ಬಂದರೆ ಅಲ್ಲಿ ಸುಣ್ಣ ಇದೆ ಅಂತಲೇ.

ಕುಂಡದ ರಸಸಾರ ಅಳೆಯಲು ದುಬಾರಿ ಸಲಕರಣೆ ಬೇಡ. ಗಿಡಕ್ಕೆ ಎಂದಿನಂತೆ ನೀರು ಹಾಕಿ, ಅರ್ಧ ಮುಕ್ಕಾಲು ಗಂಟೆ ಬಿಡಿ. ಆಮೇಲೆ ಮೇಲಿನಿಂದ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಸುರಿದು, ಅಡಿಯಿಂದ ಬರುವ ಮೊದಲ ಕೆಲವು ಚಮಚ ನೀರನ್ನು ಹಿಡಿಯಿರಿ. ಪಿಎಚ್ ಪಟ್ಟಿ ಅದ್ದಿ ನೋಡಿ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರುಗಳಿಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಇನ್ನು ಮದ್ದು. ಬೇಗ ಆಗಬೇಕಾದರೆ ಕಿಲೇಟೆಡ್ ಐರನ್, ಅಂದರೆ ಮಣ್ಣಿನಲ್ಲಿ ಕರಗಿಯೇ ಇರಲಿ ಅಂತ ಇನ್ನೊಂದು ರಾಸಾಯನಿಕಕ್ಕೆ ಕಟ್ಟಿದ ಕಬ್ಬಿಣ. ಆದರೆ ಡಬ್ಬಿಯ ಮೇಲೆ ಆ ರಾಸಾಯನಿಕದ ಹೆಸರಿನ ಅಕ್ಷರ ಓದಿ. ಇಡಿಟಿಎ ಅಂತಿದ್ದರೆ ರಸಸಾರ ಸುಮಾರು 6.5ರವರೆಗೆ ಮಾತ್ರ ಮಣ್ಣಿನಲ್ಲಿ ಕೆಲಸ ಮಾಡುತ್ತದೆ. ಡಿಟಿಪಿಎ ಸುಮಾರು 7ರ ಆಸುಪಾಸಿನವರೆಗೆ. ಅದಕ್ಕೂ ಮೇಲೆ ಇದ್ದರೆ ಇಡಿಡಿಎಚ್‌ಎ ಬೇಕು, ನೀರಿಗೆ ಹಾಕಿದರೆ ಗಾಢ ಕೆಂಪಾಗುತ್ತದೆ. ಗಡಸು ನೀರಿನ ಮಣ್ಣಿಗೆ ಇಡಿಟಿಎ ಸುರಿದು ‘ಏನೂ ಆಗಲಿಲ್ಲ’ ಅನ್ನುವುದು ಮಾಮೂಲಿ ದೂರು. ಬರೀ ಫೆರಸ್ ಸಲ್ಫೇಟನ್ನು ಅಂಥ ಮಣ್ಣಿಗೆ ಹಾಕಿದರೂ ಬೇಗನೆ ತುಕ್ಕಾಗಿ ಕೂತುಬಿಡುತ್ತದೆ. ಬುಡದಲ್ಲಿ ಕಬ್ಬಿಣದ ಮೊಳೆ ಹೂತಿಡುವುದು ಇದೇ ಕಾರಣಕ್ಕೆ ಉಪಯೋಗವಿಲ್ಲ, ತುಕ್ಕು ಗಿಡಕ್ಕೆ ಊಟವಲ್ಲ. ಬಳಸಿದ ಕಾಫಿ ಪುಡಿ ಮಣ್ಣನ್ನು ಹುಳಿ ಮಾಡುತ್ತದೆ ಅನ್ನುವುದೂ ಸುಮ್ನೆ ಮಾತು. ಹುಳಿಯೆಲ್ಲ ಡಿಕಾಕ್ಷನ್‌ಗೆ ಇಳಿದಿರುತ್ತದೆ, ಉಳಿದ ಚರಟ ಹೆಚ್ಚು ಕಡಿಮೆ ತಟಸ್ಥ.

ಕಿಲೇಟ್ ತಾತ್ಕಾಲಿಕ. ಬುಡದ ಪರಿಹಾರಕ್ಕೆ ಮಳೆನೀರು ಹಿಡಿದಿಟ್ಟು ಹಾಕಿ, ಇಲ್ಲವೇ ಹುಳಿ ಮಿಶ್ರಣಕ್ಕೆ ಕುಂಡ ಬದಲಾಯಿಸಿ. ಗಂಧಕದ ಪುಡಿಯೂ ರಸಸಾರ ಇಳಿಸುತ್ತದೆ. ಆದರೆ ಅದನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲವಾಗಿಸಬೇಕು, ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು. ಎರಡನೇ ವಾರ ಫಲ ಕಾಣಲಿಲ್ಲ ಅಂತ ಮತ್ತೊಂದು ಹಿಡಿ ಹಾಕಬೇಡಿ.

ಚಿಗುರು ಹಳದಿಯಾಗಲು ಇನ್ನೆರಡು ಕಾರಣ ಇವೆ, ರಸಸಾರ ಸರಿಯಿದ್ದರೂ. ಒಂದು, ಚಳಿಗಾಲ. ಬೇರಿನ ಸುತ್ತಲಿನ ಮಣ್ಣು ತಣ್ಣಗಾದರೆ ಗಿಡಕ್ಕೆ ಕಬ್ಬಿಣ ಎಳೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಬಿಸಿಲು ಏರಿದ ಮೇಲೆ ಬರುವ ಎಲೆ ಹಸಿರಾಗಿಯೇ ಇರುತ್ತದೆ, ಕಾಯಬೇಕು ಅಷ್ಟೇ. ಇನ್ನೊಂದು, ಬೇರೇ ಹಾಳಾಗಿರುವುದು. ಅದಕ್ಕೆ ಮುಂದೆ ಬರುತ್ತೇನೆ.

ಹಳೆ ಎಲೆ ಹಳದಿಯಾಗುತ್ತಿದ್ದರೆ ಕಥೆ ಬೇರೆ. ಎಲೆ ಪೂರ್ತಿ ಒಂದೇ ಸಮ ಮಾಸಲು ಹಳದಿ, ಗಿಡ ಬೆಳೆಯುವುದೇ ನಿಂತ ಹಾಗಿದೆ ಅಂದರೆ ಸಾರಜನಕ ಸಾಲದು, ಗೊಬ್ಬರ ಕೊಡಿ. ಅಂಚಿನಿಂದ ಒಳಕ್ಕೆ ಹಳದಿ ಬಂದು, ತೊಟ್ಟಿನ ಹತ್ತಿರ ಹಸಿರು ಬಾಣದ ಮೊನೆಯಂತೆ ಉಳಿದಿದ್ದರೆ ಮೆಗ್ನೀಸಿಯಂ ಕೊರತೆ. ಎಪ್ಸಮ್ ಉಪ್ಪು ಕೆಲಸಕ್ಕೆ ಬರುವುದು ಇಲ್ಲಿ ಮಾತ್ರ. ಎಲ್ಲ ಹಳದಿಗೂ ಎಪ್ಸಮ್ ಉಪ್ಪು ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಕಬ್ಬಿಣ ಬೇಕಾದ ಗಿಡಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ.

ಪೊದೆಯ ಒಳಗಿನ ನಾಲ್ಕಾರು ಎಲೆ ಮಾತ್ರ ಗಾಢ ಹಳದಿಯಾಗಿ ಉದುರುತ್ತಿದ್ದು, ತುದಿಯಲ್ಲಿ ಹೊಸ ಚಿಗುರು ಹೊಳೆಯುತ್ತಿದ್ದರೆ ಸುಮ್ಮನಿರಿ. ನಿತ್ಯಹಸಿರು ಅಂದರೆ ಎಲೆ ಉದುರುವುದೇ ಇಲ್ಲ ಅಂತ ಅಲ್ಲ, ಎಲ್ಲ ಒಟ್ಟಿಗೆ ಉದುರುವುದಿಲ್ಲ ಅಂತ. ಹೊಸ ಚಿಗುರಿನ ಕಾಲಕ್ಕೆ ಹಳೆಯವು ಜಾಗ ಬಿಡುತ್ತವೆ.

ಗಿಡ ಜೋತು ಬಿದ್ದಿದೆ, ಮಣ್ಣು ಮಾತ್ರ ಒದ್ದೆ

ಒಣ ಮಣ್ಣು, ಜೋತ ಎಲೆ ಆದರೆ ನೀರು ಹಾಕಿ, ಸಂಜೆಯೊಳಗೆ ಎದ್ದು ನಿಲ್ಲುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಇರುವ ಮಿಶ್ರಣ ಪೂರ್ತಿ ಒಣಗಿದ್ದರೆ ನೀರು ಕುಂಡದ ಪಕ್ಕದಿಂದ ಇಳಿದುಹೋಗುತ್ತದೆ, ಒಳಗಿನ ಮುದ್ದೆ ಒಣಗಿಯೇ ಇರುತ್ತದೆ. ಅಂಥದ್ದನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಬೇಕು.

ಒದ್ದೆ ಮಣ್ಣು, ಜೋತ ಎಲೆ ಆದರೆ ನೀರಿನ ಚೊಂಬು ಕೆಳಗಿಡಿ. ಬೇರು ಉಸಿರು ಕಟ್ಟಿ ಕೊಳೆಯುತ್ತಿದೆ, ಅದಕ್ಕೇ ನೀರಿದ್ದರೂ ಕುಡಿಯಲು ಆಗುತ್ತಿಲ್ಲ. ಕುಂಡ ವಾಲಿಸಿ, ಗಿಡವನ್ನು ಮಣ್ಣಿನ ಮುದ್ದೆ ಸಮೇತ ಹೊರಗೆ ಜಾರಿಸಿ ನೋಡಿ. ಹೆದರಬೇಡಿ, ನೋಡಿದ ಮಾತ್ರಕ್ಕೆ ಸಾಯುವುದಿಲ್ಲ. ಒಳ್ಳೆ ಬೇರು ತಿಳಿ ಬಣ್ಣದ್ದು, ಎಳೆದರೆ ಗಟ್ಟಿ. ಕೊಳೆತದ್ದು ಕಂದು, ಮೆತ್ತಗೆ. ಎಳೆದಾಗ ಸಿಪ್ಪೆ ಕೈಗೆ ಬಂದು ಒಳಗಿನ ನೂಲು ಮಾತ್ರ ಉಳಿಯುತ್ತದೆ. ವಾಸನೆಯೂ ಹೇಳುತ್ತದೆ. ಕೊಳೆತದ್ದನ್ನೆಲ್ಲ ಶುದ್ಧ ಕತ್ತರಿಯಿಂದ ತೆಗೆದು, ಉಳಿದ ಬೇರಿಗೆ ಸರಿಹೋಗುವಷ್ಟು ಚಿಕ್ಕ ಕುಂಡಕ್ಕೆ, ನೀರು ಬಸಿಯುವ ಹೊಸ ಮಿಶ್ರಣಕ್ಕೆ ಹಾಕಿ. ‘ಪಾಪ, ಜಾಗ ಬೇಕು’ ಅಂತ ದೊಡ್ಡ ಕುಂಡಕ್ಕೆ ಹಾಕುವುದೇ ಎಷ್ಟೋ ಸಲ ರೋಗದ ಮೂಲ. ಬೇರು ತಲುಪದ ಮಣ್ಣು ದಿನಗಟ್ಟಲೆ ಒಣಗುವುದಿಲ್ಲ. ಚೇತರಿಸಿಕೊಳ್ಳುವವರೆಗೆ ನೆರಳಿನಲ್ಲಿಡಿ, ಗೊಬ್ಬರ ಬೇಡ.

ಮೊಗ್ಗು ಅರಳದೆ ಉದುರುತ್ತಿದೆ

ಗಂಧರಾಜ ಬೆಳೆಸುವವರನ್ನು ಅಳಿಸುವುದು ಇದೇ. ಮೊಗ್ಗು ಕಟ್ಟುತ್ತದೆ, ದಪ್ಪವಾಗುತ್ತದೆ, ಬಿಳಿ ಇಣುಕುತ್ತದೆ. ನಾಳೆ ಅರಳುತ್ತದೆ ಅನ್ನುವ ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತದೆ.

ನನ್ನದೇ ಕಥೆ. ಬಾಗಿಲ ಹೊರಗೆ ಸುಖವಾಗಿದ್ದ ಗಿಡದಲ್ಲಿ ಹದಿನೈದು ಮೊಗ್ಗು ಇತ್ತು. ಮನೆಗೆ ನೆಂಟರು ಬರುವವರಿದ್ದರು, ನಡುಮನೆಯಲ್ಲಿ ಅರಳಲಿ ಅಂತ ಒಳಗೆ ತಂದಿಟ್ಟೆ. ಎರಡನೇ ದಿನ ಮೊಗ್ಗಿನ ಕತ್ತಿನ ಹತ್ತಿರ, ಪುಷ್ಪಪತ್ರದ ಬುಡದಲ್ಲಿ, ಹಸಿರು ಮಾಸಿ ಹಳದಿಯಾಯಿತು. ಮೂರನೇ ದಿನ ಬೆರಳು ತಾಕಿಸಿದರೆ ಸಾಕು, ಟಪ್ ಅಂತ ಕಳಚಿಕೊಳ್ಳುತ್ತಿತ್ತು. ಕಿತ್ತ ಜಾಗ ಕತ್ತರಿಸಿದಷ್ಟು ನಯ. ಹುಳು ಇಲ್ಲ, ಕೊಳೆ ಇಲ್ಲ. ನೆಂಟರು ಬರುವಷ್ಟರಲ್ಲಿ ಉಳಿದದ್ದು ಎರಡು.

ಆ ನಯವಾದ ಗಾಯವೇ ಸುಳಿವು. ಗಿಡ ತಾನಾಗಿಯೇ ಮೊಗ್ಗನ್ನು ಕಳಚಿದೆ ಅಂತ ಅರ್ಥ. ಬೆಳಕು, ಗಾಳಿಯ ತೇವ, ಉಷ್ಣತೆ, ನೀರು ಇವುಗಳಲ್ಲಿ ಯಾವುದೋ ಒಂದು ಒಮ್ಮೆಲೇ ಬದಲಾಗಿದೆ. ಮೊಗ್ಗು ಬಂದ ಮೇಲೆ ಕುಂಡ ಸರಿಸಬೇಡಿ, ತಿರುಗಿಸಲೂ ಬೇಡಿ. ಫ್ಯಾನ್, ಎಸಿ, ಹೀಟರಿನ ಗಾಳಿ ನೇರವಾಗಿ ಬೀಸುವ ಜಾಗ ಬೇಡ. ಈ ಸಮಯದಲ್ಲಿ ಮಣ್ಣು ಒಮ್ಮೆ ಪೂರ್ತಿ ಒಣಗಿದರೂ ಮೊಗ್ಗು ಉಳಿಯುವುದು ಕಷ್ಟ. ಎಲೆ ಮೇಲೆ ನೀರು ಸಿಂಪಡಿಸಿದರೆ ತೇವ ಹೆಚ್ಚುತ್ತದೆ ಅನ್ನುತ್ತಾರೆ. ಅದು ಹತ್ತು ನಿಮಿಷದ ಸಂತೋಷ. ನಾಲ್ಕು ಗಿಡ ಗುಂಪಾಗಿ ಇಡುವುದು ಅದಕ್ಕಿಂತ ಮೇಲು.

ರಾತ್ರಿಯ ಸೆಕೆಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಗಿಡಕ್ಕೆ ಮೊಗ್ಗು ಕಟ್ಟಲು ತಂಪು ರಾತ್ರಿ ಇಷ್ಟ, 15ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ರಾತ್ರಿಯೂ ಕಾದ ಗೋಡೆಯ ಪಕ್ಕ, ಕಾದ ಸಿಮೆಂಟ್ ನೆಲದ ಮೇಲೆ ಇಟ್ಟ ಗಿಡ ಹೊಸ ಮೊಗ್ಗು ಕಟ್ಟದೆ ಸುಮ್ಮನೆ ಎಲೆ ಬಿಡುತ್ತಾ ಹೋಗಬಹುದು, ಕಟ್ಟಿದ್ದನ್ನೂ ಉದುರಿಸಬಹುದು. ಹಗಲು ಬೆಳಗಿನ ಬಿಸಿಲು, ರಾತ್ರಿ ಗಾಳಿಯಾಡುವ ಜಾಗ, ಇದೇ ಸರಿ.

ಬಿದ್ದ ಮೊಗ್ಗನ್ನು ಎಸೆಯುವ ಮುಂಚೆ ಉಗುರಿಂದ ಬಿಡಿಸಿ. ಒಳಗಿನ ಎಸಳಿನ ಅಂಚು ಕಂದಾಗಿ, ಗೀರು ಗೀರಾಗಿ, ಅಂಟಿಕೊಂಡ ಹಾಗಿದ್ದರೆ ಅದು ಥ್ರಿಪ್ಸ್ ಅನ್ನುವ ಸಣ್ಣ ಕೀಟದ ಕೆಲಸ. ಇನ್ನೊಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ತಟ್ಟಿ. ಅಕ್ಷರದ ಚುಕ್ಕೆಯಷ್ಟು ದೊಡ್ಡ, ಉದ್ದನೆಯ, ಹಳದಿಯೋ ಕಪ್ಪೋ ಚೂರುಗಳು ಓಡಿದರೆ ಖಚಿತ. ಅವು ಮೊಗ್ಗಿನೊಳಗೆ ಇರುವುದರಿಂದ ಮೇಲಿನ ಸಿಂಪಡಣೆ ಅಷ್ಟಾಗಿ ತಲುಪುವುದಿಲ್ಲ. ಕೆಟ್ಟ ಮೊಗ್ಗು, ಬಾಡಿದ ಹೂ ಎಲ್ಲ ಕಿತ್ತು ಚೀಲದಲ್ಲಿ ಕಟ್ಟಿ ಹೊರಹಾಕಿ, ಉಳಿದದ್ದಕ್ಕೆ ವಾರಕ್ಕೊಮ್ಮೆ ಸಂಜೆ ಬೇವಿನ ಎಣ್ಣೆ ಹೊಡೆಯಿರಿ.

ಮೊಗ್ಗೇ ಬರುವುದಿಲ್ಲ

ಗಿಡ ಸೊಂಪಾಗಿದೆ, ಎಲೆ ಕಡುಹಸಿರು, ಹೂ ಮಾತ್ರ ಇಲ್ಲ. ಎರಡೇ ಪ್ರಶ್ನೆ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೀಳುತ್ತದಾ? ಕೊನೆಯ ಸಲ ಯಾವಾಗ ಸವರಿದ್ರಿ? ಮೊದಲ ದೊಡ್ಡ ಹೂವಿನ ಮೊಗ್ಗು ಹಿಂದಿನ ಋತುವಿನ ಕೊಂಬೆಯ ತುದಿಯಲ್ಲಿ ಕಟ್ಟುತ್ತದೆ. ಹೂ ಬರುವ ಕಾಲಕ್ಕೆ ಮುಂಚೆ ‘ಚಂದ ಕಾಣಲಿ’ ಅಂತ ಒಂದೇ ಮಟ್ಟಕ್ಕೆ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿ. ಸಾರಜನಕ ಜಾಸ್ತಿ ಇರುವ ಗೊಬ್ಬರವನ್ನೂ ಒಂದಷ್ಟು ದಿನ ನಿಲ್ಲಿಸಿ.

ಎಲೆ ಅಂಟಂಟು, ಮೇಲೆ ಮಸಿ, ಕಾಂಡದಲ್ಲಿ ಇರುವೆ

ಮಸಿ ನೋಡಿ ಶಿಲೀಂಧ್ರನಾಶಕ ಹೊಡೆಯುವವರಿದ್ದಾರೆ. ಆ ಕಪ್ಪು ಬೂಷ್ಟು ಎಲೆಯನ್ನು ತಿನ್ನುತ್ತಿಲ್ಲ. ರಸ ಹೀರುವ ಕೀಟ ಬಿಡುವ ಸಿಹಿ ಅಂಟಿನ ಮೇಲೆ ಬೆಳೆಯುತ್ತಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬರುತ್ತದೆ, ಕೆಳಗೆ ಎಲೆ ಹಸಿರಾಗಿಯೇ ಇರುತ್ತದೆ. ಇರುವೆಗಳು ಆ ಸಿಹಿಗಾಗಿ ಬಂದಿವೆ, ಜೊತೆಗೆ ಕೀಟಕ್ಕೆ ಕಾವಲೂ ಕಾಯುತ್ತವೆ. ಹಾಗಾಗಿ ಇರುವೆಯ ಸಾಲು ಎಲ್ಲಿ ಮುಗಿಯುತ್ತದೆ ಅಂತ ಹಿಂಬಾಲಿಸಿ, ಕಳ್ಳ ಅಲ್ಲೇ ಸಿಗುತ್ತಾನೆ.

ಗೆಣ್ಣಿನಲ್ಲಿ ಹತ್ತಿಯಂಥ ಬಿಳಿ ಮುದ್ದೆ ಇದ್ದರೆ ಹಿಟ್ಟು ತಿಗಣೆ. ಗಿಡ ಅಲ್ಲಾಡಿಸಿದಾಗ ಬಿಳಿ ಪುಡಿ ಹಾರಿದ ಹಾಗಾದರೆ ಬಿಳಿ ನೊಣ, ಎಲೆಯ ಹಿಂಬದಿಯಲ್ಲಿ ಮರಿಗಳಿರುತ್ತವೆ. ಕಾಂಡಕ್ಕೆ, ನಡುನರಕ್ಕೆ ಕಂದು ಉಬ್ಬು ಅಂಟಿದ್ದು, ಉಗುರಿಂದ ಕೆರೆದರೆ ಕಳಚಿ ಬಂದರೆ ಶಲ್ಕ ಕೀಟ. ಮೂರಕ್ಕೂ ಆರಂಭ ಒಂದೇ. ಕೈಗೆ ಸಿಕ್ಕಿದ್ದನ್ನು ಒರೆಸಿ, ಕೆರೆದು ತೆಗೆಯಿರಿ, ಜೋರು ನೀರಿನಿಂದ ಎಲೆಯ ಹಿಂಬದಿ ತೊಳೆಯಿರಿ. ಆಮೇಲೆ ಸೋಪು ಬೆರೆಸಿದ ಬೇವಿನ ಎಣ್ಣೆ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ. ಒಂದು ಸಲ ಹೊಡೆದು ಬಿಟ್ಟರೆ ಮೊಟ್ಟೆಯಿಂದ ಹೊಸವು ಬರುತ್ತವೆ. ಸುಡುಬಿಸಿಲಿನಲ್ಲಿ ಎಣ್ಣೆ ಹೊಡೆಯಬೇಡಿ, ಎಲೆ ಸುಡುತ್ತದೆ. ಅರಳಿದ ಹೂವಿಗೂ ಬೇಡ.

ಅಂಟು ಇಲ್ಲ, ಎಲೆ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಮಾಸಲು ಚುಕ್ಕೆ, ಹಿಂಬದಿಯಲ್ಲಿ ನವಿರಾದ ಬಲೆ ಇದ್ದರೆ ಜೇಡ ನುಸಿ. ಒಣ ಹವೆಯಲ್ಲಿ ಹೆಚ್ಚುತ್ತವೆ. ಎರಡು ಮೂರು ದಿನಕ್ಕೊಮ್ಮೆ ಎಲೆಯ ಹಿಂಬದಿಗೆ ನೀರಿನ ಹೊಡೆತ ಕೊಟ್ಟರೆ ಬಹುಪಾಲು ಹತೋಟಿಗೆ ಬರುತ್ತವೆ.

ಎಲೆಯ ತುದಿ ಸುಟ್ಟಂತೆ ಕಂದಾಗಿದ್ದು, ಮಣ್ಣಿನ ಮೇಲೋ ಕುಂಡದ ಅಂಚಿಗೋ ಬಿಳಿ ಉಪ್ಪು ಕಟ್ಟಿದ್ದರೆ ಗೊಬ್ಬರ ಜಾಸ್ತಿಯಾಗಿದೆ. ಕುಂಡದ ಗಾತ್ರದ ಮೂರು ಪಟ್ಟು ನೀರನ್ನು ನಿಧಾನಕ್ಕೆ ಸುರಿದು ಪೂರ್ತಿ ಬಸಿಯಲು ಬಿಡಿ.

ಉಳಿಸಲಾಗದ ಎರಡು

ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಊದಿಕೊಂಡು, ತೊಗಟೆ ಒರಟಾಗಿ ಬಿರುಕು ಬಿಟ್ಟಿದ್ದು, ಮೇಲಿನ ಗಿಡ ತಿಂಗಳುಗಟ್ಟಲೆ ನಿಧಾನವಾಗಿ ಸೊರಗುತ್ತಿದ್ದರೆ ಅದು ಕಾಂಡದ ಹುಣ್ಣು ರೋಗ. ಗಾಯದ ಮೂಲಕ ಒಳಹೊಕ್ಕ ಶಿಲೀಂಧ್ರ ಅದು. ಮದ್ದಿಲ್ಲ. ಗಿಡ ಕಿತ್ತು ಸುಡಿ, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ, ಆ ಗಿಡದಿಂದ ಕಡ್ಡಿಯನ್ನೂ ತೆಗೆಯಬೇಡಿ.

ಎರಡನೆಯದು ಬೇರುಗಂಟು ಹುಳು. ನೀರು, ಗೊಬ್ಬರ, ಕಬ್ಬಿಣ ಎಲ್ಲ ಸರಿ ಇದ್ದೂ ಗಿಡ ಕುಳ್ಳಗೆ, ಮಂಕಾಗಿ ಉಳಿದಿದ್ದರೆ ಬೇರು ನೋಡಿ. ಬೇರಿನ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದು, ಉಜ್ಜಿದರೆ ಉದುರದೆ ಬೇರೇ ಊದಿಕೊಂಡ ಹಾಗಿದ್ದರೆ ಅದೇ. ಕಣ್ಣಿಗೆ ಕಾಣದಷ್ಟು ಚಿಕ್ಕ ಜಂತು ಒಳಗಿದೆ. ಅದೇ ನೆಲದಲ್ಲಿ ಮತ್ತೆ ಗಂಧರಾಜ ನೆಟ್ಟರೆ ಮತ್ತೆ ಅದೇ ಗತಿ. ಈ ಹುಳು ಇರುವ ಮಣ್ಣಿಗೆ ಗಾರ್ಡೇನಿಯಾ ಥನ್‌ಬರ್ಜಿಯಾ ಅನ್ನುವ ಇನ್ನೊಂದು ಜಾತಿಯ ಬೇರಿನ ಮೇಲೆ ಕಸಿ ಕಟ್ಟಿದ ಗಿಡ ಸಿಕ್ಕರೆ ತನ್ನಿ, ಆ ಬೇರು ತಡೆದುಕೊಳ್ಳುತ್ತದೆ.

ಬೇರುಗಂಟಿನ ಗಿಡದಲ್ಲಿ ಒಂದು ದಾರಿ ಉಳಿದಿರುತ್ತದೆ. ಹುಳು ಇರುವುದು ಬೇರಿನಲ್ಲಿ, ಮೇಲಿನ ಕೊಂಬೆಯಲ್ಲಲ್ಲ. ತೀರಾ ಎಳೆಯದೂ ಅಲ್ಲ, ಬಲಿತದ್ದೂ ಅಲ್ಲದ ಕೊಂಬೆಯ ತುದಿಯಿಂದ ಸುಮಾರು 10 ಸೆಂಟಿಮೀಟರ್ ಉದ್ದದ ಕಡ್ಡಿ ತೆಗೆಯಿರಿ. ಮಣ್ಣು ತಾಕದ ಎತ್ತರದ್ದೇ ಇರಲಿ. ಕೆಳಗಿನ ಎಲೆ ಕಿತ್ತು, ಮೇಲೆ ಎರಡು ಜೋಡಿ ಬಿಟ್ಟು, ಮೊಗ್ಗಿದ್ದರೆ ಚಿವುಟಿ. ಹೊಸ ಕೊಕೊಪೀಟ್ ಮತ್ತು ಮರಳಿನ ಮಿಶ್ರಣದಲ್ಲಿ ಊರಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕವುಚಿ, ನೆರಳಿನ ಬೆಳಕಿನಲ್ಲಿಡಿ. ಬೇರು ಬರಲು ಒಂದರಿಂದ ಎರಡು ತಿಂಗಳು ಹಿಡಿಯುತ್ತದೆ. ಬಂತಾ ಅಂತ ಕಿತ್ತು ನೋಡಬೇಡಿ. ಕಡ್ಡಿಯನ್ನು ಮೆಲ್ಲಗೆ ಅಲ್ಲಾಡಿಸಿ, ಬಿಗಿಯಾಗಿ ನಿಂತಿದ್ದರೆ ಬೇರು ಹಿಡಿದಿದೆ. ಐದಾರು ಕಡ್ಡಿ ಒಟ್ಟಿಗೆ ಊರಿ, ಒಂದೆರಡು ಕಪ್ಪಾಗಿ ಹೋಗುವುದು ಇದ್ದದ್ದೇ.